ಶೊರನೂರು ಜಂಕ್ಷನ್: ನಿಲುಗಡೆಯಿಂದ ಬೆಳೆದ ಊರು ಕಲಿಸುವ ವಾಣಿಜ್ಯ ಪಾಠ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟ ರೈಲು ಸುಮಾರು 300 ಕಿ.ಮೀ. ಕ್ರಮಿಸಿದ ಮೇಲೆ ಭಾರತಪ್ಪುಳ ನದಿಯ ಉತ್ತರ ದಡದಲ್ಲಿರುವ ಶೊರನೂರು ಜಂಕ್ಷನ್ ತಲುಪುತ್ತದೆ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಈ ಊರು ದೊಡ್ಡ ನಗರವಲ್ಲ. ಆದರೆ ಇಲ್ಲಿಯ ನಿಲ್ದಾಣವು ಆ ರಾಜ್ಯದ ಅತಿ ದೊಡ್ಡ ರೈಲು ನಿಲ್ದಾಣಗಳಲ್ಲಿ ಒಂದು. ಪೂರ್ವಕ್ಕೆ ಪಾಲಕ್ಕಾಡ್ ಮತ್ತು ಕೊಯಮತ್ತೂರು, ದಕ್ಷಿಣಕ್ಕೆ ತೃಶೂರು ಮತ್ತು ಎರ್ನಾಕುಲಂ, ಪಶ್ಚಿಮ ಕರಾವಳಿಯ ಗುಂಟ ಕಲ್ಲಿಕೋಟೆ ಮತ್ತು ಮಂಗಳೂರು, ಉತ್ತರದ ಕಾಡಿನ ಸೀಮೆಗೆ ನಿಲಂಬೂರು, ಹೀಗೆ ನಾಲ್ಕು ಮಾರ್ಗಗಳು ಇಲ್ಲಿ ಕೂಡುತ್ತವೆ.

ಕರ್ನಾಟಕದ ವರ್ತಕರಿಗೆ ಈ ಊರು ಅಪರಿಚಿತವೇನಲ್ಲ. 1907ರಿಂದ 1979ರವರೆಗೆ, ಅಂದರೆ 72 ವರ್ಷಗಳ ಕಾಲ, ಮಲಬಾರ್ ಕರಾವಳಿಯ ಆಚೆಯಿಂದ ಮಂಗಳೂರಿಗೆ ರೈಲಿನ ಮೂಲಕ ಬರುವ ಅಥವಾ ಮಂಗಳೂರಿನಿಂದ ಆ ಕರಾವಳಿಯ ಆಚೆಗೆ ಹೋಗುವ ಪ್ರತಿಯೊಂದು ಸರಕೂ ಶೊರನೂರನ್ನು ಹಾದೇ ಸಾಗಬೇಕಾಗಿತ್ತು. ಆದ್ದರಿಂದ ಈ ನಿಲ್ದಾಣದ ಇತಿಹಾಸವು ಕೇವಲ ನೆರೆರಾಜ್ಯದ ಸ್ಥಳೀಯ ವಿಷಯವಲ್ಲ. ಸಾರಿಗೆಯ ಅನುಕೂಲವೊಂದನ್ನೇ ನಂಬಿ ಬೆಳೆಯುವ ವ್ಯಾಪಾರಕ್ಕೆ ಎಷ್ಟು ಆಯುಷ್ಯ ಎಂಬ ಪ್ರಶ್ನೆಗೆ ಅದರಲ್ಲಿ ಸ್ಪಷ್ಟವಾದ ಉತ್ತರವಿದೆ.

ನದಿಯ ದಾರಿಯೇ ರೈಲಿನ ದಾರಿ

ಮದ್ರಾಸ್ ರೈಲ್ವೆ ಕಂಪನಿಯು ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲನ್ನು 1856ರ ಜುಲೈ 1ರಂದು ಮದ್ರಾಸಿನ ರಾಯಪುರದಿಂದ ಆರ್ಕಾಟಿನ ಕಡೆಗೆ ಓಡಿಸಿತು. ಪೂರ್ವ ಕರಾವಳಿಯನ್ನು ಪಶ್ಚಿಮ ಕರಾವಳಿಯ ಬೇಪೂರು ಬಂದರಿಗೆ ಜೋಡಿಸುವುದು ಕಂಪನಿಯ ಗುರಿಯಾಗಿತ್ತು. ಪಶ್ಚಿಮ ಘಟ್ಟಗಳನ್ನು ದಾಟುವುದು ಆ ಕಾಲದ ಇಂಜಿನಿಯರುಗಳಿಗೆ ಬಹು ದುಬಾರಿಯ ಕೆಲಸ. ಆದರೆ ಪಾಲಕ್ಕಾಡಿನ ಬಳಿ ಘಟ್ಟಗಳ ಸಾಲು ಸುಮಾರು 30 ಕಿ.ಮೀ. ಅಗಲಕ್ಕೆ ತೆರೆದುಕೊಂಡಿದೆ. ಸುರಂಗವನ್ನಾಗಲಿ ಕಡಿದಾದ ಏರನ್ನಾಗಲಿ ಎದುರಿಸದೆ ಹಳಿ ಹಾಕಬಹುದಾದ ಈ ಕಣಿವೆಯ ಮೂಲಕವೇ ಭಾರತಪ್ಪುಳ ನದಿಯೂ ಪಶ್ಚಿಮಕ್ಕೆ ಹರಿಯುತ್ತದೆ. ರೈಲು ಮಾರ್ಗವು ಸಹಜವಾಗಿಯೇ ನದಿಯನ್ನು ಅನುಸರಿಸಿತು.

ಕೆಲಸ ಎರಡು ತುದಿಗಳಿಂದಲೂ ನಡೆಯಿತು. 1861ರ ಮಾರ್ಚ್ 12ರಂದು ಬೇಪೂರು ಮತ್ತು ತಿರೂರುಗಳ ನಡುವೆ ಓಡಿದ ರೈಲು ಈಗಿನ ಕೇರಳದ ಮೊದಲ ರೈಲು. 1862ರಲ್ಲಿ ಉಳಿದ ಕೊಂಡಿಯೂ ಪೂರ್ಣಗೊಂಡು ಶೊರನೂರು ಈ ಮಾರ್ಗದ ಒಂದು ನಿಲ್ದಾಣವಾಯಿತು. ಮುಂದಿನ 40 ವರ್ಷ ಅದು ದಾರಿಯ ಹತ್ತಾರು ನಿಲ್ದಾಣಗಳಲ್ಲಿ ಒಂದಾಗಿಯೇ ಉಳಿಯಿತು. ರೈಲು ಬಂದ ಮಾತ್ರಕ್ಕೆ ಊರು ಬೆಳೆಯುವುದಿಲ್ಲ ಎಂಬುದಕ್ಕೆ ಈ 40 ವರ್ಷಗಳೇ ಸಾಕ್ಷಿ.

ಕೊಚ್ಚಿಯ ಸಾಹಸ

ಶೊರನೂರಿನ ಭಾಗ್ಯವನ್ನು ಬದಲಿಸಿದ್ದು ನದಿಯಾಚೆಯ ರಾಜ್ಯ. ಆಗ ನದಿಯ ಉತ್ತರ ದಡವು ಬ್ರಿಟಿಷರ ಮಲಬಾರ್ ಜಿಲ್ಲೆಗೂ ದಕ್ಷಿಣ ದಡವು ಕೊಚ್ಚಿ ಸಂಸ್ಥಾನಕ್ಕೂ ಸೇರಿತ್ತು. ಕೊಚ್ಚಿಯು ಹಳೆಯ ಬಂದರು. ಅಲ್ಲಿಯ ವಾಣಿಜ್ಯ ಮಂಡಳಿಯು 1857ರಲ್ಲಿಯೇ ಸ್ಥಾಪನೆಯಾಗಿತ್ತು. ತೆಂಗಿನ ಎಣ್ಣೆ, ನಾರು, ಮೆಣಸು, ಶುಂಠಿಗಳ ವ್ಯಾಪಾರ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಆದರೂ ಕೊಚ್ಚಿಗೆ ರೈಲಿನ ಸಂಪರ್ಕ ಇರಲಿಲ್ಲ.

1895ರಲ್ಲಿ ಪಟ್ಟಕ್ಕೆ ಬಂದ ರಾಜಾ ರಾಮವರ್ಮರು ಸಂಸ್ಥಾನದ ಸ್ವಂತ ಹಣದಿಂದಲೇ ರೈಲು ಮಾರ್ಗ ನಿರ್ಮಿಸಲು ಮುಂದಾದರು. ಹಣದ ಕೊರತೆ ಬಿದ್ದಾಗ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ಆನೆಗಳಿಗೆ ಕಟ್ಟುವ ಚಿನ್ನದ ಹಣೆಪಟ್ಟಗಳನ್ನೂ ಮಾರಿದರೆಂಬುದು ಕೊಚ್ಚಿಯಲ್ಲಿ ಇಂದಿಗೂ ಹೇಳಲಾಗುವ ಮಾತು. ಎರ್ನಾಕುಲಂನಿಂದ ಹೊರಟ ಹಳಿ ನದಿಯನ್ನು ದಾಟಿ ಶೊರನೂರಿನಲ್ಲಿ ಮದ್ರಾಸ್ ಮಾರ್ಗವನ್ನು ಕೂಡಿತು. 1902ರ ಜೂನ್ 2ರಂದು ಸರಕು ಸಾಗಣೆಯೂ ಜುಲೈ 16ರಂದು ಪ್ರಯಾಣಿಕ ಸಂಚಾರವೂ ಆರಂಭಗೊಂಡವು. ಶೊರನೂರು ಜಂಕ್ಷನ್ ಆಯಿತು.

ಮೊದಲು ಸರಕು, ಅನಂತರ ಪ್ರಯಾಣಿಕರು ಎಂಬ ಈ ಕ್ರಮವು ಮಾರ್ಗದ ಉದ್ದೇಶ ಏನಿತ್ತೆಂಬುದನ್ನು ಸೂಚಿಸುತ್ತದೆ.

ಎರಡು ಅಳತೆಯ ಹಳಿಗಳು

ಈ ಕೂಟದಲ್ಲಿ ಒಂದು ತೊಡಕಿತ್ತು. ಮದ್ರಾಸ್ ಮಾರ್ಗವು 5 ಅಡಿ 6 ಅಂಗುಲ ಅಗಲದ ಬ್ರಾಡ್ ಗೇಜ್ ಆಗಿತ್ತು. ಕೊಚ್ಚಿಯ ಮಾರ್ಗವನ್ನು ಮೀಟರ್ ಗೇಜಿನಲ್ಲಿ, ಅಂದರೆ 1 ಮೀಟರ್ ಅಗಲದಲ್ಲಿ ಹಾಕಲಾಯಿತು. ಕಿರಿದಾದ ಹಳಿಗೆ ನಿರ್ಮಾಣ ವೆಚ್ಚ ಕಡಿಮೆ. ಆದರೆ ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡಲಾರದು.

ಇದರ ಪರಿಣಾಮವನ್ನು ವರ್ತಕರು ಸುಲಭವಾಗಿ ಊಹಿಸಬಲ್ಲರು. ಕೊಚ್ಚಿಯಿಂದ ಕೊಯಮತ್ತೂರಿಗೆ ಹೊರಟ ಸರಕು ಶೊರನೂರಿನಲ್ಲಿ ಒಂದು ವ್ಯಾಗನಿನಿಂದ ಇಳಿದು ಇನ್ನೊಂದಕ್ಕೆ ಏರಬೇಕು. ಇಳಿಸುವುದಕ್ಕೂ ಏರಿಸುವುದಕ್ಕೂ ಹಮಾಲಿ. ಎದುರು ಹಳಿಯಲ್ಲಿ ಖಾಲಿ ವ್ಯಾಗನ್ ಸಿಗುವವರೆಗೆ ಸರಕು ಕಾಯಬೇಕು. ಚೀಲ ಹರಿಯುವುದು, ಎಣ್ಣೆಯ ಪೀಪಾಯಿ ಸೋರುವುದು, ಎಣಿಕೆಯಲ್ಲಿ ವ್ಯತ್ಯಾಸ ಬರುವುದು, ಮಳೆಗೆ ಸಿಕ್ಕಿ ಮಾಲು ಕೆಡುವುದು, ಇವೆಲ್ಲವೂ ಗೇಜು ಬದಲಾಗುವ ನಿಲ್ದಾಣಗಳ ನಿತ್ಯದ ತೊಂದರೆಗಳು. ಹಳಿ ಹಾಕುವಾಗ ಒಮ್ಮೆ ಉಳಿಸಿದ ಹಣವನ್ನು ಅನಂತರ ಪ್ರತಿ ಚೀಲದ ಮೇಲೂ, ಪ್ರತಿ ವರ್ಷವೂ, ವರ್ತಕರು ತೆರಬೇಕಾಗುತ್ತದೆ.

ವರ್ತಕರ ಈ ನಷ್ಟವೇ ಜಂಕ್ಷನ್ ಇರುವ ಊರಿಗೆ ಲಾಭ. ಸರಕು ನಿಂತಲ್ಲಿ ಹಮಾಲರಿಗೆ ಕೂಲಿ, ಗೋದಾಮಿಗೆ ಬಾಡಿಗೆ, ಏಜೆಂಟರಿಗೆ ಕಮಿಷನ್. ಪ್ರಯಾಣಿಕರು ಗಾಡಿ ಬದಲಿಸುವಲ್ಲಿ ಹೋಟೆಲು, ಛತ್ರ, ಅಂಗಡಿ. ಉಗಿಬಂಡಿಗಳಿಗೆ ಕಲ್ಲಿದ್ದಲು ಮತ್ತು ನೀರು ತುಂಬುವಲ್ಲಿ ರೈಲ್ವೆ ನೌಕರರ ವಸತಿ, ಅವರ ಸಂಬಳದಿಂದ ನಡೆಯುವ ಪೇಟೆ. ಜಂಕ್ಷನ್ ಊರುಗಳು ಎಲ್ಲೆಡೆಯೂ ಬೆಳೆದದ್ದು ಹೀಗೆಯೇ. ಅವು ಮಾರುವುದು ಸರಕನ್ನಲ್ಲ, ನಿಲುಗಡೆಯನ್ನು.

ಮಂಗಳೂರು ಮತ್ತು ನಿಲಂಬೂರಿನ ಕೊಂಡಿಗಳು

ಇದೇ ಅವಧಿಯಲ್ಲಿ ಕರಾವಳಿಯ ಮಾರ್ಗವೂ ಮುಂದುವರಿಯಿತು. 1888ರಲ್ಲಿ ಕಲ್ಲಿಕೋಟೆ ತಲುಪಿದ್ದ ಹಳಿ 1907ರಲ್ಲಿ ಮಂಗಳೂರನ್ನು ಮುಟ್ಟಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಬೆಳೆದಿದ್ದ ಹೆಂಚಿನ ಉದ್ಯಮಕ್ಕೆ ಹಡಗಿನ ಜೊತೆಗೆ ರೈಲಿನ ದಾರಿಯೂ ದೊರೆಯಿತು. ಆದರೆ ಆ ದಾರಿ ಒಂದೇ ಆಗಿತ್ತು. ಘಟ್ಟದ ಮೇಲಿನ ಬೆಂಗಳೂರಿಗೆ ಹೋಗಬೇಕಾದ ಮಾಲು ಮೊದಲು ದಕ್ಷಿಣಕ್ಕೆ ಶೊರನೂರಿನವರೆಗೆ ಇಳಿದು, ಪಾಲಕ್ಕಾಡ್ ಕಣಿವೆಯನ್ನು ದಾಟಿ, ಜೋಲಾರಪೇಟೆಯ ಮೂಲಕ ಮತ್ತೆ ಮೇಲಕ್ಕೆ ಬರಬೇಕಿತ್ತು. ರಸ್ತೆಯಲ್ಲಿ ಸುಮಾರು 350 ಕಿ.ಮೀ. ಇರುವ ದೂರವು ರೈಲಿನಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚಾಗುತ್ತಿತ್ತು.

1908ರಲ್ಲಿ ಮದ್ರಾಸ್ ರೈಲ್ವೆಯ ಈ ಮಾರ್ಗಗಳು ಸೌತ್ ಇಂಡಿಯನ್ ರೈಲ್ವೆಯ ಆಡಳಿತಕ್ಕೆ ಬಂದವು. 1927ರಲ್ಲಿ ಶೊರನೂರಿನಿಂದ ನಿಲಂಬೂರಿಗೆ ಸುಮಾರು 66 ಕಿ.ಮೀ. ಉದ್ದದ ಶಾಖಾ ಮಾರ್ಗ ತೆರೆಯಿತು. 1840ರ ದಶಕದಿಂದಲೂ ತೇಗದ ತೋಪುಗಳಿಗೆ ಹೆಸರಾದ ನಿಲಂಬೂರಿನ ಮರಕ್ಕೆ ಇದರಿಂದ ರೈಲಿನ ದಾರಿಯಾಯಿತು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಮಾರ್ಗದ ಹಳಿಗಳನ್ನೇ ಕಿತ್ತು ಬೇರೆಡೆಗೆ ಒಯ್ಯಲಾಯಿತು. 1953–54ರಲ್ಲಿ ಅದನ್ನು ಮತ್ತೆ ಹಾಕಬೇಕಾಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸೀಮೆಯ ವ್ಯಾಪಾರಿಗಳು ರೈಲಿಲ್ಲದೆ ದಿನ ದೂಡಿದರು. ಹಳಿ ಒಮ್ಮೆ ಬಂದರೆ ಶಾಶ್ವತ ಎಂಬ ನಂಬಿಕೆಯೂ ಹುಸಿ ಎಂಬುದನ್ನು ಈ ಘಟನೆ ತೋರಿಸಿತು.

ನಿಲುಗಡೆ ಸ್ಥಳ ಬದಲಿಸಿತು

ಕೊಚ್ಚಿ ಬಂದರಿನ ಅಭಿವೃದ್ಧಿಯು ಶೊರನೂರಿನ ಲೆಕ್ಕಾಚಾರವನ್ನು ತಿರುಗಿಸಿತು. ರಾಬರ್ಟ್ ಬ್ರಿಸ್ಟೊ ಎಂಬ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ಅಳಿವೆಯ ಮರಳ ದಿಬ್ಬವನ್ನು ಕಡಿದು 1928ರಲ್ಲಿ ದೊಡ್ಡ ಹಡಗುಗಳಿಗೆ ಒಳಬಂದರಿನ ದಾರಿ ತೆರೆಯಲಾಯಿತು. ಅಂತಹ ಬಂದರಿಗೆ ನಡುದಾರಿಯಲ್ಲಿ ಸರಕು ಇಳಿಸಿ ಏರಿಸುವ ರೈಲು ಹೊಂದುವುದಿಲ್ಲ. 1930ರ ದಶಕದ ಮಧ್ಯಭಾಗದಲ್ಲಿ ಶೊರನೂರು–ಎರ್ನಾಕುಲಂ ಮಾರ್ಗವು ಬ್ರಾಡ್ ಗೇಜಿಗೆ ಪರಿವರ್ತನೆಯಾಯಿತು. ವ್ಯಾಗನುಗಳು ಕೊಚ್ಚಿಯವರೆಗೆ ನೇರವಾಗಿ ಓಡತೊಡಗಿದವು. ಮೂರು ದಶಕಗಳಿಂದ ಶೊರನೂರಿನಲ್ಲಿ ನಡೆದಿದ್ದ ಮಾಲು ವರ್ಗಾವಣೆಯ ಕೆಲಸಕ್ಕೆ ಕಾರಣವೇ ಇಲ್ಲವಾಯಿತು.

ಆದರೆ ಗೇಜಿನ ತೊಡಕು ಮಾಯವಾಗಲಿಲ್ಲ, ಸ್ಥಳ ಬದಲಿಸಿತಷ್ಟೆ. ಎರ್ನಾಕುಲಂನಿಂದ ದಕ್ಷಿಣಕ್ಕೆ 1956ರಲ್ಲಿ ಕೊಟ್ಟಾಯಂವರೆಗೂ 1958ರಲ್ಲಿ ಕೊಲ್ಲಂವರೆಗೂ ಹಾಕಿದ ಮಾರ್ಗ ಮೀಟರ್ ಗೇಜ್ ಆಗಿತ್ತು. ಹೀಗಾಗಿ ಹಿಂದೆ ಶೊರನೂರಿನಲ್ಲಿ ನಡೆಯುತ್ತಿದ್ದ ಇಳಿಸುವ ಏರಿಸುವ ಕೆಲಸ ಎರ್ನಾಕುಲಂಗೆ ಹೋಯಿತು. 1976ರಲ್ಲಿ ಆ ಮಾರ್ಗವೂ ಪರಿವರ್ತನೆಯಾದಾಗ ಅಲ್ಲಿಯೂ ಅದು ನಿಂತಿತು.

ಶೊರನೂರಿಗೆ ಉಳಿದ ಇನ್ನೊಂದು ನಿಲುಗಡೆ ಇಂಜಿನ್ ತಿರುಗಿಸುವುದು. ನದಿಯನ್ನು ದಾಟಿ ಬರುವ ಎರ್ನಾಕುಲಂ ಹಳಿ ನಿಲ್ದಾಣವನ್ನು ಪಾಲಕ್ಕಾಡ್ ಇರುವ ಪೂರ್ವದ ತುದಿಯಿಂದಲೇ ಪ್ರವೇಶಿಸುತ್ತದೆ. ಆದ್ದರಿಂದ ಎರ್ನಾಕುಲಂನಿಂದ ಕಲ್ಲಿಕೋಟೆಗೆ ಹೋಗುವ ರೈಲು ನೇರ ಸಾಗಬಲ್ಲದು. ಆದರೆ ಎರ್ನಾಕುಲಂ ಮತ್ತು ಪಾಲಕ್ಕಾಡ್ ನಡುವಿನ ರೈಲು ಶೊರನೂರಿಗೆ ಬಂದರೆ ದಿಕ್ಕು ಬದಲಿಸಬೇಕು. ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವವರೆಗೆ ರೈಲು ನಿಲ್ಲಬೇಕು. ಪ್ಲಾಟ್‌ಫಾರಂನ ವ್ಯಾಪಾರಿಗೆ ಅದು ಒಳ್ಳೆಯ ಸಮಯ, ರೈಲ್ವೆಗೆ ಮಾತ್ರ ನಷ್ಟದ ಸಮಯ. ನಿಲ್ದಾಣವನ್ನು ಮುಟ್ಟದೆ ಎರಡು ಮಾರ್ಗಗಳನ್ನೂ ಜೋಡಿಸುವ ಕೊಂಡಿ ಹಳಿಯ ಮೂಲಕ ಇಂದು ಅನೇಕ ದೂರದ ರೈಲುಗಳು ಶೊರನೂರನ್ನು ಬಿಟ್ಟೇ ಸಾಗುತ್ತವೆ. ಅವುಗಳಲ್ಲಿ ಕೆಲವಕ್ಕೆ ನೆರೆಯ ಒಟ್ಟಪಾಲಂನಲ್ಲಿ ನಿಲುಗಡೆಯಿದೆ.

ಊರಿನಲ್ಲಿ ಉಳಿದದ್ದು ಏನು?

ಶೊರನೂರು ಬರಿದಾಗಲಿಲ್ಲ. ನಾಲ್ಕು ದಿಕ್ಕಿನ ಪ್ರಯಾಣಿಕರು ಇಂದಿಗೂ ಅಲ್ಲಿ ಗಾಡಿ ಬದಲಿಸುತ್ತಾರೆ. ಮಂಗಳೂರು–ತಿರುವನಂತಪುರ ರೈಲುಗಳು ಆ ನಿಲ್ದಾಣದ ಮೂಲಕವೇ ಓಡುತ್ತವೆ. ಆದರೆ ಸಣ್ಣ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಶೊರನೂರು ಕಬ್ಬಿಣದ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಕತ್ತರಿ, ಗುದ್ದಲಿ, ಕೃಷಿ ಸಲಕರಣೆಗಳಿಗೆ ತಮ್ಮದೇ ಆದ ಮಾರುಕಟ್ಟೆಯಿದೆ. ರಾಜ್ಯ ಸರ್ಕಾರದ ಸ್ವಾಮ್ಯದ ಮೆಟಲ್ ಇಂಡಸ್ಟ್ರೀಸ್ ಸಂಸ್ಥೆಯೂ ಅಲ್ಲಿದ್ದು, ಕೃಷಿ ಸಲಕರಣೆಗಳ ತಯಾರಿಕೆಗೆ ಪರಿಚಿತವಾಗಿದೆ. ಇಂತಹ ಉದ್ಯಮಕ್ಕೆ ಕಬ್ಬಿಣ ತರಿಸಲು ಮತ್ತು ತಯಾರಾದ ಮಾಲು ಕಳುಹಿಸಲು ನಾಲ್ಕು ದಿಕ್ಕಿನ ಹಳಿ ಅನುಕೂಲ. ಆದರೆ ಅದರ ಬೇಡಿಕೆ ಹಳಿಯಿಂದ ಹುಟ್ಟಿದ್ದಲ್ಲ, ಕೈಗಾರಿಕೆಯ ಕುಶಲತೆಯಿಂದ ಹುಟ್ಟಿದ್ದು. ಗೇಜು ಬದಲಾದರೂ ರೈಲು ಬೇರೆ ದಾರಿ ಹಿಡಿದರೂ ಕತ್ತರಿಯ ಹರಿತ ಕಡಿಮೆಯಾಗುವುದಿಲ್ಲ.

ಕರ್ನಾಟಕದ ಅನುಭವ

ಇದೇ ಪಾಠವನ್ನು ಮಂಗಳೂರು ತನ್ನ ರೀತಿಯಲ್ಲಿ ಕಲಿಯಿತು. 1979ರಲ್ಲಿ ಹಾಸನ–ಮಂಗಳೂರು ಮಾರ್ಗ ತೆರೆದಾಗ ಶೊರನೂರಿನ ಮೇಲಿನ ಅವಲಂಬನೆ ತಪ್ಪಿತು. ಆದರೆ ಆ ಮಾರ್ಗ ಮೀಟರ್ ಗೇಜ್ ಆಗಿದ್ದುದರಿಂದ ಮಂಗಳೂರೇ ಎರಡು ಗೇಜುಗಳು ಸಂಧಿಸುವ ಸ್ಥಳವಾಯಿತು. 1902ರಲ್ಲಿ ಶೊರನೂರಿನಲ್ಲಿ ಹುಟ್ಟಿದ ತೊಡಕು 77 ವರ್ಷಗಳ ಅನಂತರ ಮಂಗಳೂರಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಪರಿವರ್ತನೆಗಾಗಿ 1996ರಲ್ಲಿ ಘಟ್ಟದ ಮಾರ್ಗದ ಪ್ರಯಾಣಿಕ ಸಂಚಾರ ನಿಂತಾಗ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದವರಿಗೆ ಮತ್ತೆ ಪಾಲಕ್ಕಾಡಿನ ಸುತ್ತುದಾರಿಯೇ ಗತಿಯಾಯಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಉತ್ತರದ ಬಾಗಿಲು ತೆರೆಯಿತು. ಬ್ರಾಡ್ ಗೇಜಾದ ಘಟ್ಟದ ಮಾರ್ಗದಲ್ಲಿ 2006ರಲ್ಲಿ ಸರಕು ಸಾಗಣೆಯೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕ ಸಂಚಾರವೂ ಪುನರಾರಂಭಗೊಂಡವು. ಒಂದು ಬಾಗಿಲಿನ ಬಂದರು ಮೂರು ಬಾಗಿಲಿನ ಬಂದರಾಗಲು ಹೀಗೆ ನೂರು ವರ್ಷ ಬೇಕಾಯಿತು.

ವರ್ತಕರು ಗ್ರಹಿಸಬೇಕಾದ ಅಂಶಗಳು

ಈ ಇತಿಹಾಸದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು, ಸಾಗಣೆ ವೆಚ್ಚವೆಂದರೆ ದೂರದ ಬಾಡಿಗೆ ಮಾತ್ರವಲ್ಲ. ಸರಕು ಎಷ್ಟು ಬಾರಿ ಕೈ ಬದಲಿಸುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದೂ ಅದರಲ್ಲಿ ಸೇರಿದೆ. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಇನ್ನೊಂದು ಲಾರಿಗೆ ಮಾಲು ಸಾಗಿಸುವ ಇಂದಿನ ವರ್ತಕರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಕಡಿಮೆ ಬಾಡಿಗೆಯ ದಾರಿಯು ಎರಡು ಬಾರಿಯ ಹಮಾಲಿ ಮತ್ತು ಒಡಕಿನ ನಷ್ಟ ಸೇರಿದಾಗ ದುಬಾರಿಯಾಗಬಹುದು.

ಎರಡನೆಯದು, ಒಂದೇ ದಾರಿಯನ್ನು ನಂಬಿದ ವ್ಯಾಪಾರ ಆ ದಾರಿಯ ಒಡೆಯನಿಗೆ ಅಧೀನ. ಮಂಗಳೂರಿನ 72 ವರ್ಷಗಳೂ ನಿಲಂಬೂರಿನ ಯುದ್ಧಕಾಲದ ಅನುಭವವೂ ಇದಕ್ಕೆ ನಿದರ್ಶನ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಇನ್ನೊಬ್ಬರ ತೊಂದರೆಯಿಂದ ಹುಟ್ಟಿದ ಆದಾಯವು ಆ ತೊಂದರೆ ಇರುವವರೆಗೆ ಮಾತ್ರ. ಚೆಕ್‌ಪೋಸ್ಟಿನ ಬಳಿ ಬೆಳೆದ ಪೇಟೆಗಳು 2017ರಲ್ಲಿ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ತೆರವಾದಾಗ ಇದನ್ನು ಅನುಭವಿಸಿದವು. ಬೈಪಾಸ್ ರಸ್ತೆ ಬಂದ ಊರುಗಳ ಹೋಟೆಲುಗಳೂ ಇದನ್ನು ಬಲ್ಲವು. ತೊಡಕು ನಿವಾರಣೆಯಾಗಬಾರದೆಂದು ಬಯಸುವುದು ವ್ಯರ್ಥ, ಏಕೆಂದರೆ ಅದರಿಂದ ಮಿಕ್ಕೆಲ್ಲ ವರ್ತಕರಿಗೂ ಲಾಭವಿದೆ. ನಿಲುಗಡೆಯ ಆದಾಯ ಕೈಯಲ್ಲಿರುವಾಗಲೇ ಅದರಲ್ಲಿ ಒಂದು ಪಾಲನ್ನು ತಯಾರಿಕೆಗೆ ತೊಡಗಿಸುವುದು ವಿವೇಕ. ರೈಲು ನಿಂತಾಗ ಚಹಾ ಮಾರಿದವನ ವ್ಯಾಪಾರ ರೈಲಿನ ಸಮಯಪಟ್ಟಿಯೊಂದಿಗೆ ಬದಲಾಗುತ್ತದೆ. ಕತ್ತರಿ ಮಾಡಿದವನ ಮಾಲನ್ನು ಹುಡುಕಿಕೊಂಡು ಗ್ರಾಹಕರು ಯಾವ ದಾರಿಯಿಂದಲಾದರೂ ಬರುತ್ತಾರೆ.