ಅಡಗಿಸಿಟ್ಟ ಡಬ್ಬಿಯನ್ನು ಹುಡುಕುವ ಬಗೆ

ಕಣ್ಣಿಗೆ ಅಂಜನವನ್ನು ಹಚ್ಚಿಕೊಂಡರೆ ನೆಲದೊಳಗಿನ ನಿಕ್ಷೇಪವು ಕಾಣುವುದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇದ್ದಿತು. ಕೃತಕ ಉಪಗ್ರಹಗಳೇ ಆ ಅಂಜನದ ಕೆಲಸವನ್ನು ಮಾಡುವಂತೆ ತೋರುವ ಆಟವೊಂದು ಈಗ ಉಂಟು. ಅದಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಒಬ್ಬರು ಡಬ್ಬಿಯೊಂದನ್ನು ಬಯಲಿನಲ್ಲೆಲ್ಲಾದರೂ ಅಡಗಿಸಿ, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಜಿ.ಪಿ.ಎಸ್. ಉಪಕರಣವನ್ನೋ ಮೊಬೈಲನ್ನೋ ಹಿಡಿದು ಹೊರಟು, ಅದನ್ನು ಪತ್ತೆಮಾಡಿ, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರನ್ನು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ.

ಈ ಆಟ ಹುಟ್ಟಿದ್ದು 2000ನೆಯ ಇಸವಿಯ ಮೇ ತಿಂಗಳಿನಲ್ಲಿ. ಅದುವರೆಗೆ ಅಮೆರಿಕದ ಸರಕಾರವು ಜನಸಾಮಾನ್ಯರಿಗೆ ದೊರೆಯುವ ಉಪಗ್ರಹ ಸಂಕೇತಗಳಲ್ಲಿ ಬೇಕೆಂದೇ ದೋಷವನ್ನು ಬೆರೆಸುತ್ತಿದ್ದಿತು. ಸ್ಥಾನನಿರ್ಣಯದಲ್ಲಿ ಸುಮಾರು 100 ಮೀಟರುಗಳವರೆಗೆ ತಪ್ಪು ಬರುತ್ತಿದ್ದಿತು. ಆ ತಿಂಗಳ ಆರಂಭದಲ್ಲಿ ಈ ಬೆರಕೆಯನ್ನು ನಿಲ್ಲಿಸಲಾಯಿತು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಬಳಿ ಒಂದು ಬಕೆಟ್ಟನ್ನು ಅಡಗಿಸಿ, 45°17.460′ ಉತ್ತರ, 122°24.800′ ಪಶ್ಚಿಮ ಎಂದು ಗಣಕಜಾಲದಲ್ಲಿ ಸಾರಿದರು. ಕೆಲವೇ ದಿನಗಳಲ್ಲಿ ಅದು ಪತ್ತೆಯಾಯಿತು.

ಈ ಅಂಕಿಗಳನ್ನು ಓದುವುದರಲ್ಲಿಯೇ ಮೊದಲ ಎಡವು ಕಾದಿರುತ್ತದೆ. 17.460 ಮಿನಿಟು ಎಂದರೆ 17 ಮಿನಿಟು 46 ಸೆಕೆಂಡು ಅಲ್ಲ. ದಶಾಂಶವನ್ನು 60ರಿಂದ ಗುಣಿಸಿದರೆ 17 ಮಿನಿಟು 27.6 ಸೆಕೆಂಡು ಆಗುತ್ತದೆ. ತಪ್ಪಾಗಿ ಓದಿದವನು ಅರ್ಧ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ಹುಡುಕುತ್ತಿರುತ್ತಾನೆ. ಅಕ್ಷಾಂಶದ ಒಂದು ಮಿನಿಟು ಸುಮಾರು 1,852 ಮೀಟರು. ಆದುದರಿಂದ ಮೂರನೆಯ ದಶಮಾಂಶದ ಅಂಕಿಯೊಂದು ಬದಲಾದರೆ ನೆಲದ ಮೇಲೆ ಎರಡು ಮೀಟರಿಗಿಂತ ತುಸು ಕಡಮೆ ಅಂತರವಾಗುವುದು.

ಅಂಕಿಗಳನ್ನು ಸರಿಯಾಗಿ ಓದಿ, ಉಪಕರಣವು ತೋರಿಸಿದಲ್ಲಿಗೇ ಬಂದು ನಿಂತರೂ ಡಬ್ಬಿ ಕಾಣುವುದಿಲ್ಲವೇಕೆ? ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುತ್ತವೆ. ಅವುಗಳ ರೇಡಿಯೋ ಸಂಕೇತ ನಮ್ಮನ್ನು ತಲಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕಬೇಕು. ಉಪಕರಣದಲ್ಲಿರುವ ಗಡಿಯಾರದ ತಪ್ಪನ್ನೂ ಕಳೆಯಬೇಕಾಗಿರುವುದರಿಂದ ಕಡಮೆಯೆಂದರೆ ನಾಲ್ಕು ಉಪಗ್ರಹಗಳು ಬೇಕು. ರೇಡಿಯೋ ತರಂಗವು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ 30 ಸೆಂಟಿಮೀಟರು ಓಡುತ್ತದೆ. ಮೇಲ್ವಾತಾವರಣದ ಅಯಾನುಗಳ ಪದರವು ಅದನ್ನು ತುಸು ತಡೆದರೂ, ಬಂಡೆಗೋ ಗೋಡೆಗೋ ಬಡಿದು ಬಳಸಿ ಬಂದರೂ, ಲೆಕ್ಕ ಮೀಟರುಗಟ್ಟಲೆ ಕೆಡುತ್ತದೆ. ದಟ್ಟವಾದ ಮರಗಳ ಕೆಳಗೆ ಸಂಕೇತ ಮತ್ತಷ್ಟು ಕುಗ್ಗುವುದು.

ತೆರೆದ ಆಕಾಶದಡಿಯಲ್ಲಿ ಮೊಬೈಲಿನ ತಪ್ಪು ಸುಮಾರು 5 ಮೀಟರು ಎಂದಿಟ್ಟುಕೊಳ್ಳೋಣ. ಡಬ್ಬಿಯನ್ನು ಇಟ್ಟವನ ಉಪಕರಣಕ್ಕೂ ಅಷ್ಟೇ ತಪ್ಪು ಇದ್ದಿರಬೇಕಷ್ಟೆ. ಸ್ವತಂತ್ರವಾದ ಎರಡು ತಪ್ಪುಗಳು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. 25ಕ್ಕೆ 25 ಸೇರಿ 50. ಅದರ ವರ್ಗಮೂಲ ಸುಮಾರು 7. ಏಳು ಮೀಟರು ತ್ರಿಜ್ಯದ ವೃತ್ತದ ಕ್ಷೇತ್ರಫಲ 154 ಚದರ ಮೀಟರು. ಬೆಂಗಳೂರಿನವರು ಮೂವತ್ತು ನಲವತ್ತರ ಸೈಟು ಎನ್ನುತ್ತಾರಲ್ಲ, ಅದಕ್ಕಿಂತಲೂ ದೊಡ್ಡದು! ಅಷ್ಟು ಜಾಗದಲ್ಲಿ ಹೆಬ್ಬೆರಳಿನ ಗಾತ್ರದ ಡಬ್ಬಿಯನ್ನು ಹುಡುಕಬೇಕಾಗಬಹುದು. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ನಮಗೆ ತೋರುವಂತೆ ಆಟದ ನಿಜವಾದ ಸ್ವಾರಸ್ಯ ಆರಂಭವಾಗುವುದೂ ಅಲ್ಲಿಂದಲೇ.

ಹತ್ತು ಮೀಟರು ಉಳಿದಾಗ, ಅತ್ತಿತ್ತ ಹೊರಳುವ ಬಾಣದ ಗುರುತಿನ ಹಿಂದೆ ಅಲೆಯುವುದನ್ನು ಬಿಡಬೇಕು. ಬದಲಿಗೆ ಮೂವತ್ತು ಹೆಜ್ಜೆ ಹಿಂದೆ ಸರಿದು, ಬಾಣ ತೋರಿಸುವ ನೇರದಲ್ಲಿರುವ ಮರವನ್ನೋ ಕಲ್ಲನ್ನೋ ನೆನಪಿಟ್ಟುಕೊಳ್ಳಬೇಕು. ಇನ್ನೆರಡು ದಿಕ್ಕುಗಳಿಂದಲೂ ಹೀಗೆಯೇ ಮಾಡಿ, ರೇಖೆಗಳು ಸಂಧಿಸುವ ಎಡೆಯಿಂದ ಹುಡುಕಾಟವನ್ನು ತೊಡಗಬೇಕು.

ಇನ್ನು ಅಡಗಿಸಿದವನ ಮನಸ್ಸನ್ನು ಹೊಗಬೇಕು. ದಾರಿಹೋಕರ ಕಣ್ಣಿಗೆ ಬೀಳದಿರಲೆಂದೂ, ಮಳೆನೀರು ನುಗ್ಗದಿರಲೆಂದೂ ಅವನು ಯೋಚಿಸಿದ್ದಾನೆ. ನಿಸರ್ಗವು ಕಡ್ಡಿಗಳನ್ನು ಸಾಲಾಗಿ ಜೋಡಿಸುವುದಿಲ್ಲ. ಹಾವಸೆ ಬೆಳೆದ ಮುಖವನ್ನು ಕೆಳಗೆ ಮಾಡಿ ಕಲ್ಲನ್ನು ಮಗುಚುವುದೂ ಅಪರೂಪ. ಕಬ್ಬಿಣದ ಕಟಕಟೆಯಲ್ಲಿ ಯಾವುದನ್ನೂ ಬಿಗಿಯದ ಬೋಲ್ಟೊಂದು ಕಂಡರೆ ಅದನ್ನು ಪರೀಕ್ಷಿಸಬಹುದು. ಅದು ಅಯಸ್ಕಾಂತದಿಂದ ಅಂಟಿರುವ ಡಬ್ಬಿಯೇ ಆಗಿದ್ದೀತು. ಪ್ರತಿಯೊಂದು ಡಬ್ಬಿಗೂ ಹುಡುಕುವ ಕಷ್ಟ, ನೆಲದ ಕಷ್ಟ ಎಂದು 1ರಿಂದ 5ರವರೆಗೆ ಎರಡು ಅಂಕಗಳಿರುತ್ತವೆ. ಮೊದಲನೆಯದು ಒಂದೂವರೆ ಇದ್ದರೆ ಬಲು ಗಹನವಾಗಿ ಯೋಚಿಸಬೇಕಾದುದಿಲ್ಲ. ಇಂಗ್ಲಿಷಿನಲ್ಲಿ ಕೊಟ್ಟಿರುವ ಸುಳಿವನ್ನು ಅಕ್ಷರಮಾಲೆಯಲ್ಲಿ 13 ಸ್ಥಾನ ಸರಿಸಿ ಮುಚ್ಚಿಡುವುದು ವಾಡಿಕೆ: ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಓ. ಅಕ್ಷರಗಳು 26 ಆದುದರಿಂದ ಇನ್ನೊಮ್ಮೆ 13 ಸರಿಸಿದರೆ ಮೂಲ ಪದ ದೊರೆಯುತ್ತದೆ.

ಸಾಮಗ್ರಿ ಹೆಚ್ಚು ಬೇಡ. ಪೆನ್ಸಿಲು, ಪೊಟರೆಗಳನ್ನು ನೋಡಲು ಟಾರ್ಚು, ಕಟ್ಟೆಯ ಅಡಿಭಾಗವನ್ನು ಕಾಣಲು ಚಿಕ್ಕ ಕನ್ನಡಿ, ಸುರುಳಿ ಕಾಗದವನ್ನು ಎಳೆಯಲು ಚಿಮುಟ, ಇಷ್ಟು ಸಾಕು. ಇವುಗಳ ಜೊತೆಗೆ ಒಂದು ಕೋಲು ಇರಲೇಬೇಕು. ಕಾಣದ ಬಿಲಕ್ಕೆ ಬರಿಗೈಯನ್ನು ಹಾಕುವುದು ಅಪಾಯಕರ. ನಮ್ಮ ಸೀಮೆಯ ಕಲ್ಲುಸಂದುಗಳಲ್ಲಿ ಚೇಳು, ಹಾವುಗಳು ಮನೆಮಾಡಿರುತ್ತವೆ. ಗೋಡೆಯ ಕಲ್ಲನ್ನು ಕೀಳುವುದಾಗಲಿ ಗಿಡವನ್ನು ಮುರಿಯುವುದಾಗಲಿ ಕೂಡದು.

ಹೊರಡುವ ಮುನ್ನ ಹಿಂದಿನವರ ವರದಿಗಳನ್ನು ಓದಿಕೊಳ್ಳಬೇಕು. ಈಚೆಗೆ ಹೋದ ನಾಲ್ಕಾರು ಮಂದಿ ಅನುಭವಸ್ಥರು ಬರಿಗೈಯಲ್ಲಿ ಮರಳಿದ್ದರೆ, ಡಬ್ಬಿಯನ್ನು ಕೋತಿಯೋ ಮಳೆಯ ನೀರೋ ಒಯ್ದಿರಬಹುದು. ಅಂಥ ಡಬ್ಬಿಗಾಗಿ ಇಡೀ ಮಧ್ಯಾಹ್ನವನ್ನು ಕಳೆಯುವುದಕ್ಕಿಂತ ಇನ್ನೊಂದನ್ನು ಆರಿಸಿಕೊಳ್ಳುವುದು ಲೇಸು.