ಕೋಚ್ ಹೋದ ಮೇಲೆ ಉಳಿಯುವುದೇನು?

ವಾಕ್ಯಭಾಗ: 2 ತಿಮೊಥೆಯನಿಗೆ 2:1-2, 4:6-8



ಆಟ ಕಲಿಸಿದ ಕೋಚ್ ತೀರಿಕೊಂಡಾಗ ನಾವೇನು ಮಾಡ್ತೇವೆ? ಸ್ಟೇಟಸ್‌ಗೆ ಫೋಟೋ ಹಾಕ್ತೇವೆ. 24 ಗಂಟೆಯಲ್ಲಿ ಅದು ಹೋಗ್ತದೆ. ಅಳುವುದು ತಪ್ಪಲ್ಲ, ಲಾಜರನ ಸಮಾಧಿಯ ಬಳಿ ನಮ್ಮ ಕರ್ತನೂ ಅತ್ತಿದ್ದಾನೆ. ಆದರೆ ಅಷ್ಟಕ್ಕೇ ನಿಲ್ಲಬಾರದು.

ಸೈಯದ್ ಅಬ್ದುಲ್ ರಹೀಮ್ ಹೆಸರು ಕೇಳಿದ್ದೀರಾ? ಹೈದರಾಬಾದಿನ ಶಾಲಾ ಮೇಷ್ಟ್ರು, ಭಾರತ ಫುಟ್‌ಬಾಲ್ ತಂಡದ ಕೋಚ್. 1962ರಲ್ಲಿ ಕ್ಯಾನ್ಸರ್ ಇದ್ದರೂ ತಂಡವನ್ನು ಜಕಾರ್ತ ಏಷ್ಯನ್ ಗೇಮ್ಸ್‌ಗೆ ಕರೆದುಕೊಂಡು ಹೋದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಬಂತು. ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ಮರುವರ್ಷ ಜೂನ್ 11ರಂದು ರಹೀಮ್ ತೀರಿಕೊಂಡರು.

ಅಲ್ಲಿಗೆ ಮುಗೀತಾ? ಇಲ್ಲ. ಆ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದ ಶಿಷ್ಯ ಪಿ.ಕೆ. ಬ್ಯಾನರ್ಜಿ ಮುಂದೆ ತಾವೇ ಕೋಚ್ ಆದರು. 1970ರಲ್ಲಿ ಅವರು ತರಬೇತಿ ಕೊಟ್ಟ ಭಾರತ ತಂಡ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಿತು.

ಪೌಲನಿಗೂ ತನ್ನ ಓಟ ಮುಗಿಯುತ್ತಿದೆ ಎಂದು ಗೊತ್ತಿತ್ತು. ತನ್ನಿಂದ ಕೇಳಿದ್ದನ್ನು ನಂಬಿಗಸ್ತರ ಕೈಗೆ ಕೊಡಬೇಕು, ಅವರು ಇತರರಿಗೆ ಕಲಿಸಬೇಕು ಎಂದು ತಿಮೊಥೆಯನಿಗೆ ಬರೆಯುತ್ತಾನೆ. ಲೆಕ್ಕ ಹಾಕಿ: ಪೌಲ, ತಿಮೊಥೆಯ, ನಂಬಿಗಸ್ತರು, ಇತರರು. ಒಂದೇ ವಚನದಲ್ಲಿ ನಾಲ್ಕು ತಲೆಮಾರು!

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಗ್ರೌಂಡುಗಳಲ್ಲಿ ಯಾರೂ ಪಾಸ್ ಕೊಡದ ಹುಡುಗ ಒಬ್ಬನಾದರೂ ಇರ್ತಾನೆ. ನಿಮ್ಮ ಕೋಚ್ ಕಲಿಸಿದ್ದನ್ನು ಈ ವಾರ ಅವನಿಗೆ ಕಲಿಸಿ. ನಿಮಗೆ ಪ್ರಾರ್ಥನೆ ಕಲಿಸಿದವರು ಈಗ ಇಲ್ಲವೇ? ಸಂಡೇಸ್ಕೂಲಿನ ಒಂದು ಮಗುವಿನ ಜೊತೆ ಕೂತು ಪ್ರಾರ್ಥಿಸಿ. ಚೆಂಡು ಈಗ ನಿಮ್ಮ ಕಾಲಲ್ಲಿದೆ. ಮುಂದಕ್ಕೆ ಕೊಡಿ. ಆಮೆನ್.