ಅರ್ಧಕ್ಕೆ ಬಿಟ್ಟ ಉಡುಗೊರೆ

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಒಂದಿಷ್ಟು ಸಾಮಾನು ಸದಾ ಮೂಲೆ ಸೇರುತ್ತಿರುತ್ತದೆ: ನೂಲು ಖಾಲಿಯಾದ ಕಾಗದದ ಕೋನು, ಸವೆದ ಲಾಳಿ, ಸೀಳಿದ ಕಂಡಿಕೆ, ಹಾಸು ಮುಗಿದಾಗ ಮಗ್ಗದಲ್ಲಿ ಉಳಿಯುವ ತುಂಡು ನೂಲು. ಹಿಪ್ಪರಗಿ ಬ್ಯಾರೇಜಿನ ಆಚೀಚೆ ಕೃಷ್ಣೆಯ ದಂಡೆಯಲ್ಲಿ ಕಬ್ಬಿನ ರವದಿ, ಎರೆ ಹೊಲಗಳಲ್ಲಿ ಜೋಳದ ಕಣಿಕೆ, ಯಾವ ಊರಿಗೆ ಹೋದರೂ ಟ್ರಂಕಿನ ತಳದಲ್ಲಿ ಹಳೇ ಸೀರೆ, ಧೋತರ. ಇಂಥವುಗಳಿಂದ ಮಕ್ಕಳಿಗೆ ಏನಾದರೂ ಮಾಡಿಕೊಡುತ್ತ, ಮಾಡಿದ್ದರಲ್ಲಿ ಯಾವುದು ಮಕ್ಕಳ ಕೈಯಲ್ಲಿ ಉಳಿಯಿತು, ಯಾವುದು ಶೋಕೇಸು ಸೇರಿತು ಎಂದು ಗಮನಿಸುತ್ತ ನನಗೆ ಒಂದು ಮಾತು ಖಚಿತವಾಗಿದೆ. ಮಗುವಿಗೆ ಕೊಡುವ ಕೈಕೆಲಸದ ವಸ್ತು ಪೂರ್ತಿ ಮುಗಿದಿರಬಾರದು. ಬಿಚ್ಚಲು, ಮುರಿಯಲು, ಮತ್ತೆ ಕಟ್ಟಲು ಬರುವಂತೆ ಅದರಲ್ಲಿ ಮಗುವಿನ ಪಾಲಿನ ಕೆಲಸ ಉಳಿದಿರಬೇಕು. ನಮ್ಮ ಕೈಯ ನಾಜೂಕುತನ ಹೆಚ್ಚಿದಷ್ಟೂ ಮಗುವಿನ ಪಾಲು ಕಡಿಮೆಯಾಗುತ್ತದೆ.

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ, ಈ ಸೀಮೆಯ ಹಳೇ ಆಟಿಗೆಗಳೆಲ್ಲ ಇದನ್ನೇ ಹೇಳುತ್ತವೆ. ಜೋಳದ ದಂಟಿನ ಬಂಡಿಯನ್ನೇ ನೋಡಿ. ಒಣಗಿದ ದಂಟಿನ ಹೊರಸಿಪ್ಪೆ ಸುಲಿದರೆ ಸಿಬಿರು, ಒಳಗೆ ಹಗುರಾದ ಬೆಂಡು. ಬೆಂಡಿನ ತುಂಡಿಗೆ ಸಿಬಿರು ಚುಚ್ಚುತ್ತ ಹೋದರೆ ಗಾಲಿ, ಇರಸು, ನೊಗ ಎಲ್ಲವೂ ಬರುತ್ತವೆ. ಅಂಟು ಬೇಡ, ಮೊಳೆ ಬೇಡ. ಸಂಜೆಗೆ ಮುರಿದರೆ ಅದೇ ಸಿಬಿರು ಕಿತ್ತು ಕನ್ನಡಕವನ್ನೋ ಮಂಚವನ್ನೋ ಮಾಡಬಹುದು. ಎಲ್ಲಿ ಚುಚ್ಚಿದರೆ ಗಾಲಿ ತಿರುಗುತ್ತದೆ, ಎಲ್ಲಿ ಬಿಗಿಯುತ್ತದೆ ಎಂಬುದನ್ನು ಮಗು ಯಾರೂ ಹೇಳದೆ ತಿಳಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳದ್ದೂ ಇದೇ ಕಥೆ. ಕಾರ ಹುಣ್ಣಿಮೆಯಾದ ಮೇಲೆ ಬರುವ ಈ ಅಮಾವಾಸ್ಯೆಗೆ ಎರೆ ಮಣ್ಣು ತಂದು ಎತ್ತು ಮಾಡಿ ಪೂಜಿಸುತ್ತಾರೆ. ಕಾಲು ಮುರಿದ ಎತ್ತನ್ನು ಮಣೆಯ ಮೇಲಿಟ್ಟುಕೊಂಡು ಮಕ್ಕಳು ಮನೆಮನೆಗೆ ಹೋಗಿ ಜೋಳ ಕೇಳುವ ರೂಢಿಯೂ ಇದೆ. ಮುರಿದದ್ದಕ್ಕೂ ಹಬ್ಬದಲ್ಲಿ ಜಾಗ ಕೊಟ್ಟ ಜನ ನಮ್ಮವರು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಪೂಜೆಗೆ ಮಣ್ಣಿನ ಗುಳ್ಳವ್ವನನ್ನು ಮಾಡುವಾಗಲೂ ದೊಡ್ಡವರ ಕೈಯ ಅಂದಕ್ಕಿಂತ ಆ ಹುಡುಗಿಯರ ಕೈಯ ಗುರುತೇ ಮುಖ್ಯ.

ಹೊರಗಿನವರೂ ಇದೇ ಜಾಗಕ್ಕೆ ಬಂದು ಮುಟ್ಟಿದ್ದಾರೆ. ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಸೋರೆನ್ಸನ್, ತಾನು ರೂಪಿಸಿದ ಅಚ್ಚುಕಟ್ಟಾದ ಆಟದ ಬಯಲುಗಳಿಗಿಂತ ಕಟ್ಟಡ ಕೆಲಸದ ಜಾಗದ ಹಲಗೆ, ಇಟ್ಟಿಗೆ, ಹಗ್ಗಗಳ ನಡುವೆ ಮಕ್ಕಳು ಹೆಚ್ಚು ಹೊತ್ತು ಆಡುವುದನ್ನು ಗಮನಿಸಿದ. ಅದರ ಫಲವಾಗಿ 1943ರಲ್ಲಿ, ದೇಶ ಜರ್ಮನ್ನರ ಹಿಡಿತದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಂಡ್ರುಪ್‌ನಲ್ಲಿ ಹಳೇ ಸಾಮಾನಿನದೇ ಒಂದು ಆಟದ ಬಯಲು ತೆರೆಯಿತು. ಇಂಗ್ಲೆಂಡಿನ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ಇದಕ್ಕೆ ವಾದದ ರೂಪ ಕೊಟ್ಟ: ಸುತ್ತ ಇರುವ ಬಿಡಿ ವಸ್ತುಗಳು ಎಷ್ಟು ಮತ್ತು ಎಷ್ಟು ಬಗೆಯವು ಎಂಬುದರ ಮೇಲೆ ಮಕ್ಕಳ ಕಲ್ಪಕತೆ ನಿಂತಿದೆ. ನಮ್ಮಲ್ಲೇ ಅರವಿಂದ ಗುಪ್ತ ಇದ್ದಾರೆ. ಕಾನ್ಪುರ ಐಐಟಿಯಲ್ಲಿ ಓದಿದ ಈ ಎಂಜಿನಿಯರು 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ನಂಟಿಗೆ ಬಂದು, ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸುವ ಆಟ ರೂಪಿಸಿದರು. ಮೂರು ಕಡ್ಡಿಯ ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ, ನಾಲ್ಕು ಕಡ್ಡಿಯ ಚೌಕ ವಾಲುತ್ತದೆ. ಸೇತುವೆಗಳಲ್ಲಿ ತ್ರಿಕೋನ ಏಕೆ ಎಂಬುದು ಬೆರಳಿಗೇ ಗೊತ್ತಾಗುತ್ತದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಆಟಿಗೆಗಳು ಚೆಂದ ಕಾಣಲು ಹೋಗುವುದಿಲ್ಲ, ಬಿಚ್ಚಿದರೆ ಬೇಸರಪಡುವುದಿಲ್ಲ.

ಇದಕ್ಕೆ ತೀರ ಎದುರಾಗಿ ನಿಂತಿರುವುದು ಶಾಲೆಗಳ ‘ಕಸದಿಂದ ರಸ’ ಸ್ಪರ್ಧೆ. ಖಾಲಿ ಬಾಟಲಿಯೊಂದನ್ನು ಅಲಂಕರಿಸಲು ಹೊಸ ಥರ್ಮೋಕೋಲು, ಹೊಸ ಮಿನುಗುಪುಡಿ, ಹೊಸ ಬಣ್ಣ ಕೊಳ್ಳುತ್ತೇವೆ. ಅಲಂಕಾರದ ಥರ್ಮೋಕೋಲಿಗೆ 2022ರ ಜುಲೈ 1ರಿಂದ ನಿಷೇಧವಿದ್ದರೂ ಅದು ಅಂಗಡಿಯಲ್ಲಿ ಸಿಗುತ್ತದೆ. ರಾತ್ರಿ ಕುಳಿತು ತಾಯಿ ಮಾಡುತ್ತಾಳೆ, ಬೆಳಿಗ್ಗೆ ಮಗು ಹೊತ್ತು ಒಯ್ಯುತ್ತದೆ, ವಾರ ಕಳೆದ ಮೇಲೆ ಅದು ಮತ್ತೆ ತಿಪ್ಪೆಗೆ, ಈ ಸಲ ಬೇರ್ಪಡಿಸಲಾಗದ ಕಸವಾಗಿ. ಕೈಕೆಲಸದಿಂದ ಪರಿಸರ ಉಳಿಯುತ್ತದೆ ಎಂಬ ಮಾತನ್ನು ನಾನು ಆಡಲಾರೆ. ಒಂದು ಮನೆಯ ಆಟಿಗೆಗೆ ಹಿಡಿಯುವ ಕಸ ಬಹಳ ಕಡಿಮೆ. ಉಳಿಯುವುದಾದರೆ ಮಗುವಿನ ಕುತೂಹಲ ಉಳಿದೀತು, ಅಷ್ಟು ಸಾಕು.

ಹಾಗಾದರೆ ಹಳೇ ಬಟ್ಟೆಯ ತುಂಡುಗಳಿಂದ ಹೊಲಿದ ಕೌದಿ? ಅದು ಪೂರ್ತಿ ಮುಗಿದ ವಸ್ತುವಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಹೊಲಿಗೆ ಮುಗಿದಿದೆ. ಆದರೆ ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿಯ ಅರಿವೆಯೇ ಕೂಸಿನ ಮೈಗೆ ಹಿತ. ಇಲ್ಲಿ ಹಳೆಯದಾಗಿರುವುದೇ ಗುಣ. ಇದು ಅಜ್ಜಿಯ ಸೀರೆ, ಇದು ಕಾಕಾನ ಅಂಗಿ ಎಂದು ತುಂಡುಗಳನ್ನು ಗುರುತಿಸುತ್ತ ಮಲಗುವ ಮಗುವಿಗೆ ಕೌದಿ ಮನೆತನದ ಪರಿಚಯ ಮಾಡಿಕೊಡುತ್ತದೆ. ಹರಿದ ಜಾಗಕ್ಕೆ ಹೊಸ ತ್ಯಾಪೆ ಬೀಳುತ್ತದೆ, ಮುಂದಿನ ಕೂಸಿಗೆ ಅದೇ ಕೌದಿ ದಾಟುತ್ತದೆ. ಕೂಸಿನ ತಲೆಗೆ ಖಣದ ತುಂಡುಗಳಿಂದ ಹೊಲಿದ ಕುಂಚಿಗೆಯೂ ಹೀಗೆಯೇ. ಇವು ಅಂಗಡಿಯಲ್ಲಿ ಸಿಗುವ ಯಾವುದರ ನಕಲೂ ಅಲ್ಲ. ರಟ್ಟಿನಲ್ಲಿ ಮೊಬೈಲ್ ಮಾಡಿಕೊಟ್ಟರೆ ಅದು ನಿಜವಾದ ಮೊಬೈಲಿನ ಮುಂದೆ ಸೋಲುತ್ತದೆ. ‘ಹಳೇ ಸಾಮಾನು ಕೊಟ್ಟರೆ ಗೆಳೆಯರ ನಡುವೆ ಮಗುವಿಗೆ ಅವಮಾನವಾಗುತ್ತದೆ’ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟೇ: ಅಂಗಡಿಯೊಂದಿಗೆ ಪೈಪೋಟಿಗೆ ಇಳಿಯಬೇಡಿ. ಮಗು ಬಯಸಿದ ಆಟಿಗೆ ಕೊಡಿಸುವ ಶಕ್ತಿ ಇದ್ದರೆ ಕೊಡಿಸಿ. ಅಂಗಡಿ ಕೊಡಲಾರದ್ದನ್ನು ಮಾತ್ರ ಕೈಯಿಂದ ಮಾಡಿ. ಹಳೆಯದೆಲ್ಲ ಕೀಳೆಂಬುದೂ ನಿಜವಲ್ಲ. ಕೊಪ್ಪಳದ ಕಿನ್ನಾಳ ಕಲೆಯ ಮರದ ಗೊಂಬೆಗಳಿಗೆ ಗೋಣಿಚೀಲದ ನಾರು, ಹುಣಸೆ ಬೀಜದ ಸರಿಯನ್ನೇ ಮೆತ್ತುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ದಿನವಿಡೀ ಕಂಡಿಕೆ ಸುತ್ತಿ, ಅಡಿಗೆ ಮಾಡಿ, ನೀರು ಹೊತ್ತ ಹೆಣ್ಣುಮಗಳಿಗೆ ಇದೊಂದು ಹೊಸ ಹೊರೆ ಏಕೆ? ಕೌದಿಯ ಒಂದೊಂದು ಹೊಲಿಗೆಯೂ ಹೆಂಗಸರ ಬಿಡುವಿನಿಂದ ಕಿತ್ತದ್ದೇ ಎಂಬುದನ್ನು ಮರೆತು ಹೊಗಳುವುದು ಅನ್ಯಾಯ. ಉಡುಗೊರೆ ಅರ್ಧಕ್ಕೆ ನಿಲ್ಲಲಿ ಎನ್ನುವುದಕ್ಕೆ ಇದೂ ಒಂದು ಕಾರಣ. ಒಂದು ಡಬ್ಬಿಯಲ್ಲಿ ಖಾಲಿ ಕೋನು, ಹೊಳಪು ನೂಲು, ಗುಂಡಿ, ರಟ್ಟು ಹಾಕಿ ತಿಳಿಯುವ ವಯಸ್ಸಿನ ಮಗುವಿನ ಮುಂದಿಡಲು ಹೆಚ್ಚು ಹೊತ್ತು ಬೇಡ. ದಂಟು ಸುಲಿಯಲು ಅಪ್ಪನಿಗೂ ಸೋದರಮಾವನಿಗೂ ಬರುತ್ತದೆ.

ಮೂರನೆಯದು ಸುರಕ್ಷತೆ, ಇಲ್ಲಿ ನಾನು ಯಾವ ರಾಜಿಗೂ ಸಿದ್ಧಳಿಲ್ಲ. ಮಾರುವ ಹೆಚ್ಚಿನ ಆಟಿಗೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯ. ಮನೆಯಲ್ಲಿ ಮಾಡಿದ್ದಕ್ಕೆ ಪರೀಕ್ಷಿಸುವವರು ನಾವೇ. ಮೂರು ವರ್ಷದೊಳಗಿನ ಮಗುವಿಗೆ ಸುಮಾರು 32 ಮಿ.ಮೀ. ಅಡ್ಡಗಲದ ಕೊಳವೆಯಲ್ಲಿ ಅಡಗುವಷ್ಟು ಚಿಕ್ಕ ತುಂಡು ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ಕೂಸಿನ ಆಟಿಗೆಯಲ್ಲಿ ಗೇಣುದ್ದ ಮೀರಿದ ದಾರ ಇರಬಾರದು, ಕುತ್ತಿಗೆಗೆ ಸುತ್ತಿಕೊಂಡೀತು. ಕುಂಚಿಗೆಯ ಒಳಗೆ ಬಿಟ್ಟ ನೂಲಿನ ಎಳೆ ಎಳೆಬೆರಳಿಗೆ ಬಿಗಿದು ರಕ್ತ ನಿಲ್ಲಿಸಬಲ್ಲದು. ಬಣ್ಣದ ನೂಲನ್ನು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬಾಯಿಗಿಡುವ ಕೂಸಿಗೆ ಬೇಡ. ಹಳೇ ಬಾಗಿಲು-ಕಿಟಕಿಯ ಬಣ್ಣದ ಕಟ್ಟಿಗೆಯಲ್ಲಿ ಸೀಸ ಇರಬಹುದು. ಕಬ್ಬಿನ ಹೊಲಕ್ಕೆ ಹೊಡೆಯುವ ಕೀಟನಾಶಕ ಎಣ್ಣೆಯ ಡಬ್ಬಿಯನ್ನು ಎಷ್ಟು ತೊಳೆದರೂ ಆಟಕ್ಕೆ ತರಬಾರದು.

ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಹತ್ತಿರ ಒಂದು ಜೋಡಿ ಎತ್ತು ಕೊಳ್ಳಿ, ಅದು ಅವರ ಹೊಟ್ಟೆಪಾಡು. ಜೊತೆಗೆ ಒಂದು ಮುದ್ದೆ ಹಸಿ ಮಣ್ಣನ್ನೂ ಕೇಳಿ ತನ್ನಿ, ಅದಕ್ಕೂ ದುಡ್ಡು ಕೊಡಿ. ಮಗು ಮಾಡಿದ ಎತ್ತಿನ ಕೋಡು ಸೊಟ್ಟಗಿದ್ದರೆ ದಯವಿಟ್ಟು ತಿದ್ದಬೇಡಿ.